ಕೋರಸ್ಸಿನ ನಾಲ್ಕನೆಯವಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷಗಳಿಂದ ಅವಳದು ಒಂದೇ ಕೆಲಸ. ಸದ್ದು ಹೊಗದ ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿಸಿ, ಗಾಜಿನಾಚೆಯಿಂದ ಒಂದೊಂದೇ ಸ್ವರ ಕಳಿಸಿ, ಯಾವುದು ಕೇಳಿಸುತ್ತದೆ ಯಾವುದು ಇಲ್ಲ ಎಂದು ಕಾಗದದ ಮೇಲೆ ಗೆರೆ ಎಳೆದುಕೊಡುವುದು. ಊರಿನ ಅರ್ಧ ಕಿವಿಗಳ ಗುಟ್ಟು ಇವಳಿಗೆ ಗೊತ್ತು ಎಂದು ವೈದ್ಯರು ತಮಾಷೆ ಮಾಡುತ್ತಿದ್ದರು. ಗೊತ್ತಿದ್ದೂ ಏನೂ ಮಾಡಲಾಗದ ಕಿವಿಗಳು ಎರಡೇ ಎರಡು. ಅವು ಅವಳ ತಾಯಿಯವು.

ತಾಯಿಗೆ ಎಂಬತ್ತನಾಲ್ಕು. ದಪ್ಪ ಸದ್ದುಗಳು ಕೇಳಿಸುತ್ತಿದ್ದವು, ತೆಳುವಾದವು ಇಲ್ಲ. ‘ಸ’ ಎನ್ನುವ ಅಕ್ಷರವಂತೂ ಅವರ ಪಾಲಿಗೆ ಭಾಷೆಯಿಂದಲೇ ಎದ್ದುಹೋಗಿತ್ತು. ಸಕ್ಕರೆ ಹಾಕಲಾ ಎಂದು ಕೇಳಿದರೆ, “ಈಗ್ಯಾಕೆ ಅಕ್ಕರೆ?” ಎಂದು ಮುಖ ತಿರುಗಿಸುತ್ತಿದ್ದರು. ಮಗಳು ತಂದುಕೊಟ್ಟ ಶ್ರವಣಯಂತ್ರ ಡಬ್ಬಿಯಲ್ಲೇ ಇತ್ತು. “ಕಿವಿಗೆ ಬೆಣೆ ಹೊಡ್ಕೊಂಡು ಕೂರೋಕೆ ನಾನೇನು ಬಾಗಿಲಾ?” ಎನ್ನುವುದು ಅವರ ವಾದ.

ಕಿವಿಯಮ್ಮನ ಕಿವಿ ಇಷ್ಟು ಚುರುಕಾದದ್ದಕ್ಕೆ ಕಾರಣ ಅವಳ ಚಿಕ್ಕಮ್ಮ, ಅಂದರೆ ತಾಯಿಯ ಒಬ್ಬಳೇ ತಂಗಿ. ಚಿಕ್ಕಮ್ಮ ಸಿನಿಮಾಗಳಲ್ಲಿ ಹಾಡುತ್ತಿದ್ದಳು. ನಾಯಕಿಯ ಹಾಡಲ್ಲ, ನಾಯಕಿಯ ಹಿಂದೆ ಬಿಂದಿಗೆ ಹಿಡಿದು ಕುಣಿಯುವ ಗೆಳತಿಯರ ಹಾಡು. ನಾಲ್ವರು ಹೆಂಗಸರು ಒಂದೇ ಮೈಕಿನ ಸುತ್ತ ನಿಂತು ಹಾಡುವ ಕೋರಸ್ಸು. ಸ್ಟುಡಿಯೊ ಇದ್ದ ಊರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು, ತಿಂಗಳಿಗೊಮ್ಮೆ ಅಕ್ಕನ ಮನೆಗೆ ಬರುತ್ತಿದ್ದಳು. ಬರುವಾಗಲೆಲ್ಲ ಕಂಕುಳಲ್ಲಿ ಹೊಸ ಸಿನಿಮಾದ ಒಂದು ರೆಕಾರ್ಡು.

ಅಪ್ಪ ದರ್ಜಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ರೆಕಾರ್ಡ್ ಪ್ಲೇಯರ್ ಇರುತ್ತಿತ್ತು. ಚಿಕ್ಕಮ್ಮ ಬಂದ ದಿನ ಅಪ್ಪ ಕತ್ತರಿ ಕೆಳಗಿಟ್ಟು, ಸೀಮೆಸುಣ್ಣದ ಪುಡಿ ಒರೆಸುವ ಮೆತ್ತನೆಯ ಬ್ರಷ್ಷಿನಿಂದಲೇ ರೆಕಾರ್ಡಿನ ತಟ್ಟೆಯನ್ನು ಒರೆಸಿ, ಎರಡು ಅಂಗೈಗಳ ನಡುವೆ ಕನ್ನಡಿ ಹಿಡಿದಂತೆ ಹಿಡಿದು ಮೆಲ್ಲಗೆ ಇಳಿಸುತ್ತಿದ್ದ. ಮುಳ್ಳು ಮುಟ್ಟಿದ ಮೇಲೆ ಹಾಡು ಶುರುವಾಗುವ ತನಕ ಚಿಟಪಟ ಎನ್ನುವ ನಾಲ್ಕೈದು ಕ್ಷಣಗಳಿರುತ್ತಿದ್ದವಲ್ಲ, ಅಷ್ಟು ಹೊತ್ತು ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಹೊಸ ಕವರಿನ ಅಂಟಿನ ವಾಸನೆ, ಕೆನ್ನೆಗೆ ಕೈಯಿಂದ ಬಣ್ಣ ಬಳಿದ ನಾಯಕಿಯ ಚಿತ್ರ, ಒಳಗಿನ ತೆಳು ಕಾಗದದ ಸರಪರ. ಕವರಿನ ಮೇಲೆ ಎಲ್ಲರ ಹೆಸರೂ ಇರುತ್ತಿತ್ತು. ಚಿಕ್ಕಮ್ಮನದು ಮಾತ್ರ ಇರುತ್ತಿರಲಿಲ್ಲ. ‘ಮತ್ತು ಸಂಗಡಿಗರು’ ಎಂದಿರುತ್ತಿತ್ತು. “ನೋಡು, ನಾನು ಸಂಗಡಿಗರು,” ಎಂದು ಅವಳು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

ನಾಲ್ಕು ದನಿಗಳಲ್ಲಿ ಚಿಕ್ಕಮ್ಮನದನ್ನು ಹೆಕ್ಕುವುದೇ ಆಗಿನ್ನೂ ಹುಡುಗಿಯಾಗಿದ್ದ ಕಿವಿಯಮ್ಮನಿಗೆ ಆಟ. ಅದು ಕಷ್ಟವೇನಲ್ಲ. ಚಿಕ್ಕಮ್ಮನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಐದು ವರ್ಷದವಳಿದ್ದಾಗ ಹುಡುಗಿಯೇ ಆಟವಾಡುತ್ತ ಬಾಗಿಲನ್ನು ಜೋರಾಗಿ ತಳ್ಳಿ ಮುರಿದದ್ದು. ಆಮೇಲಿಂದ ಚಿಕ್ಕಮ್ಮನ ‘ಸ’ದಲ್ಲಿ ಒಂದು ಕೂದಲೆಳೆಯಷ್ಟು ಸಿಳ್ಳೆ ಸೇರಿಕೊಂಡಿತು. ಧ್ವನಿಮುದ್ರಣ ಮಾಡುವವರು ಬೈಯುತ್ತಿದ್ದರಂತೆ. “ನಿನ್ನಿಂದಾಗಿ ನನಗೊಂದು ಗುರುತಾಯ್ತು ಕಣೇ,” ಎಂದು ಚಿಕ್ಕಮ್ಮ ನಗುತ್ತಿದ್ದಳು. ತನ್ನ ಪಕ್ಕದಲ್ಲೇ ನಿಲ್ಲುವ ಒಬ್ಬಾಕೆಯ ಸುದ್ದಿಯನ್ನೂ ಹೇಳುತ್ತಿದ್ದಳು. ಆಕೆಯದು ತಗ್ಗಿನ ದಪ್ಪ ಕಂಠ. ಎಲ್ಲರೂ ಮಂದ್ರ ಎಂದೇ ಕರೆಯುತ್ತಿದ್ದರಂತೆ.

ಹುಡುಗಿಗೆ ಒಂಬತ್ತಾಗಿದ್ದಾಗ, ಶಾಲೆಯಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ಪ್ಲೇಯರ್ ಇರಲಿಲ್ಲ. ಕಪಾಟಿನಲ್ಲಿದ್ದ ನಲವತ್ತೊಂದು ರೆಕಾರ್ಡುಗಳೂ ಇರಲಿಲ್ಲ. ಅಮ್ಮ ಅತ್ತು ಮುಖ ಊದಿಸಿಕೊಂಡಿದ್ದರು. ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಚಿಕ್ಕಮ್ಮ ಜ್ವರ ಬಂದು ಹೋಗ್ಬಿಟ್ಲು. ಅಲ್ಲೇ ಎಲ್ಲಾ ಮುಗಿಸಿದ್ರು,” ಎಂದ. ಅಷ್ಟೇ. ಮತ್ತೆ ಆ ಮನೆಯಲ್ಲಿ ಹಾಡು ಕೇಳಿಸಲಿಲ್ಲ.

ನಲವತ್ತೈದು ವರ್ಷಗಳ ಮೇಲೆ ಒಂದು ಸಂಜೆ, ಕೆಲಸ ಮುಗಿಸಿ ಬರುತ್ತಿದ್ದ ಕಿವಿಯಮ್ಮ ಹಳೇ ಸಾಮಾನಿನ ಅಂಗಡಿಯ ಮುಂದೆ ನಿಂತುಬಿಟ್ಟಳು. ಕುರ್ಚಿಯ ಮೇಲೆ ಒರಗಿಸಿಟ್ಟ ರೆಕಾರ್ಡಿನ ಕವರಿನಿಂದ ಕೆನ್ನೆಗೆ ಬಣ್ಣ ಬಳಿದ ನಾಯಕಿ ನೋಡುತ್ತಿದ್ದಳು. ಅದು ಅವರ ಮನೆಯಲ್ಲಿದ್ದ ಹನ್ನೆರಡನೆಯ ತಟ್ಟೆ. ಅಂಗಡಿಯವನನ್ನು ಆ ಬೀದಿಯವರೆಲ್ಲ ತಟ್ಟೆಯಣ್ಣ ಎನ್ನುತ್ತಿದ್ದರು. “ಪ್ಲೇಯರ್ ಇದೆಯಾ ಮನೇಲಿ?” ಎಂದು ಕೇಳಿದ. ಇಲ್ಲ ಎಂದಳು. “ಹಾಗಾದ್ರೆ ಗೋಡೆಗೆ ತೂಗುಹಾಕ್ತೀರಾ? ಹಾಗೆ ಮಾಡೋರಿಗೆ ಕೊಡಲ್ಲ ನಾನು,” ಎಂದು ತಟ್ಟೆಯನ್ನು ಎದೆಗೆ ಅವಚಿಕೊಂಡ. ಅವಳು ಪ್ಲೇಯರನ್ನೂ ಅಲ್ಲಿಂದಲೇ ತಂದಳು.

ಎರಡು ವರ್ಷ ಅದೇ ಗುಂಗು. ರಜೆಯ ದಿನಗಳಲ್ಲಿ ಊರೂರಿನ ಹಳೇ ಅಂಗಡಿಗಳಿಗೆ ಹೋಗಿ, ಮಂಡಿಯೂರಿ ಕೂತು, ಪೆಟ್ಟಿಗೆಗಳಲ್ಲಿ ಬೆರಳು ಓಡಿಸುತ್ತಿದ್ದಳು. ಯಾರೋ ಯಾರಿಗೋ ಮದುವೆಗೆ ಕೊಟ್ಟದ್ದು, ಯಾರೋ ಮೂಲೆಯಲ್ಲಿ ಹೆಸರು ಬರೆದಿಟ್ಟದ್ದು, ಯಾರದೋ ಕಾಫಿ ಲೋಟದ ಉಂಗುರ ಬಿದ್ದದ್ದು. ಪ್ರತಿ ತಟ್ಟೆಯೂ ಬೇರೆ ಮನೆಯೊಂದರ ಧೂಳು ಹೊತ್ತುಕೊಂಡು ಬರುತ್ತಿತ್ತು. ಒಂದೊಂದನ್ನೇ ತೊಳೆದು, ಒಣಗಿಸಿ, ಮುಳ್ಳಿಟ್ಟು, ಕಣ್ಣುಮುಚ್ಚಿ ಕಾಯುವಳು. ನಾಯಕಿ ಹಾಡಿ ಮುಗಿಸುತ್ತಿದ್ದಂತೆ ನಾಲ್ವರೂ ಒಟ್ಟಿಗೆ ಏಳುವರು. ಅವರ ನಡುವೆ ಆ ಸಿಳ್ಳೆ. ಅವಳಿಗೆ ಮತ್ತೆ ಒಂಬತ್ತು ವರ್ಷ.

ನಲವತ್ತೊಂದರಲ್ಲಿ ಮೂವತ್ತೆಂಟು ಸಿಕ್ಕವು. ಮೂವತ್ತೊಂಬತ್ತನೆಯದನ್ನು ಹುಡುಕಿಕೊಂಡು ಹೋದ ದಿನ ತಟ್ಟೆಯಣ್ಣ, “ಅದಿಲ್ಲ, ಇದನ್ನ ಹಾಗೇ ತಗೊಂಡು ಹೋಗಿ. ಕವರೇ ಬೇರೆ, ತಟ್ಟೆನೇ ಬೇರೆ. ಯಾರೋ ಅವಸರದಲ್ಲಿ ಹೆಂಡ್ತೀನೇ ಅದಲುಬದಲು ಮಾಡ್ಕೊಂಡ ಹಾಗಿದೆ,” ಎಂದು ಒಂದನ್ನು ಕೈಗಿತ್ತ.

ಭಾನುವಾರ ಮಧ್ಯಾಹ್ನ ಅದನ್ನು ಹಾಕಿದಳು. ಎರಡನೆಯ ಬದಿಯಲ್ಲಿ ಒಂದು ಛೇಡಿಸುವ ಹಾಡಿತ್ತು. ನಾಯಕಿ ತಾನು ಯಾರನ್ನೂ ಪ್ರೀತಿಸಿಲ್ಲ ಎನ್ನುತ್ತಾಳೆ; ಪ್ರತಿ ಸಾಲಿಗೂ ಗೆಳತಿಯರು “ಸುಳ್ಳು, ಸುಳ್ಳು” ಎನ್ನುತ್ತಾರೆ. ಮೊದಲ ‘ಸುಳ್ಳು’ ಬಂದಾಗಲೇ ಕಿವಿಯಮ್ಮನಿಗೆ ಸಿಳ್ಳೆ ಕೇಳಿಸಿತು. ಮುಗುಳ್ನಕ್ಕಳು. ಹಾಗಾದರೆ ಮನೆಗೆ ತರದ ರೆಕಾರ್ಡೂ ಒಂದಿತ್ತು ಎಂದುಕೊಂಡಳು. ತಟ್ಟೆ ನಿಂತ ಮೇಲೆ ನಡುವಿನ ಲೇಬಲ್ಲನ್ನು ಬೆಳಕಿಗೆ ಹಿಡಿದು ಓದಿದಳು. ಅದರ ಮೇಲಿದ್ದ ಇಸವಿ, ಚಿಕ್ಕಮ್ಮ ಸತ್ತು ಮೂರು ವರ್ಷದ ನಂತರದ್ದು.

ಮರುದಿನ ಆಸ್ಪತ್ರೆಯಿಂದ ಪರೀಕ್ಷೆಯ ಹೆಡ್‌ಫೋನನ್ನೇ ಮನೆಗೆ ತಂದು ಹತ್ತು ಸಲ ಕೇಳಿದಳು. ಹೋಲಿಕೆಯ ದನಿಗಳಿರುತ್ತವೆ, ಮುರಿದ ಹಲ್ಲುಗಳೂ ಬೇರೆಯವರಿಗಿರುತ್ತವೆ. ಆದರೆ ಉಸಿರೆಳೆಯುವ ಮೊದಲು ಚಿಕ್ಕಮ್ಮನ ನಾಲಿಗೆ ಅಂಗುಳಿನಿಂದ ಬಿಡುವ ಆ ಪುಟ್ಟ ‘ಟಕ್’? ಅದೂ ಅಲ್ಲಿತ್ತು. ಗಾಬರಿಯಲ್ಲಿ ಹೆಡ್‌ಫೋನಿನ ತಂತಿ ಕಿತ್ತುಬಂದು ಹಾಡು ಕೋಣೆಯೊಳಗೆ ಸಣ್ಣಗೆ ಹರಡಿಕೊಂಡಿತು.

“ನಿಲ್ಲಿಸು ಅದನ್ನ!”

ಬಾಗಿಲಲ್ಲಿ ತಾಯಿ ನಿಂತಿದ್ದರು. ಹೊರಗಿನ ಗಂಟೆ ಹೊಡೆದರೂ ಕೇಳದ ತಾಯಿ. ‘ಸ’ ಎನ್ನುವುದನ್ನೇ ಕಳೆದುಕೊಂಡ ಕಿವಿ ಅದು. ಅದರ ಗೆರೆಯನ್ನು ತನ್ನ ಕೈಯಾರೆ ಎಳೆದಿದ್ದವಳು ಕಿವಿಯಮ್ಮ.

“ಏನು ಕೇಳಿಸ್ತಮ್ಮ ನಿಂಗೆ?”

“ಹಾಡುಗೀಡು ಏನೂ ಕೇಳಿಸ್ಲಿಲ್ಲ. ಕಿರಿ ಕೇಳಿಸಿದ್ಲು.” ಕಿರಿ ಎಂದು ತಾಯಿ ಕರೆಯುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬಳನ್ನೇ.

ಕಿವಿಯಮ್ಮ ಲೇಬಲ್ಲು ತೋರಿಸಿದಳು. ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಇಸವಿ ಬರೆದು ಕಣ್ಣಿಗೆ ಹಿಡಿದಳು. ತಾಯಿ ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ಸೆರಗಿನ ನೂಲು ಎಳೆದರು. ಆಮೇಲೆ ಹೇಳಿದರು.

“ಜ್ವರ ಬರ್ಲಿಲ್ಲ ಅವಳಿಗೆ. ನಾವೇ ಸಾಯಿಸಿದ್ವಿ. ಬಾಯಲ್ಲಿ.”

ಚಿಕ್ಕಮ್ಮನಿಗೆ ಒಂದು ಗಂಡು ಗೊತ್ತಾಗಿತ್ತು. ದಿನವೂ ನಿಶ್ಚಯವಾಗಿತ್ತು. ಆಕೆ ಬಂದು, ಮದುವೆ ಬೇಡ, ಮಂದ್ರಳ ಜೊತೆ ಮನೆ ಮಾಡಿದ್ದೇನೆ, ಕೊನೆಯವರೆಗೂ ಅಲ್ಲೇ ಇರುತ್ತೇನೆ ಎಂದಳಂತೆ. “ಇಬ್ರು ಹೆಂಗಸರು ಒಂದು ಮನೇಲಿ ಇರೋದಕ್ಕೇನು ಅಂತ ನಾನಂದುಕೊಂಡೆ. ಆದ್ರೆ ಅವಳು ಹೇಳಿದ ರೀತೀಲಿ ನಿಮ್ಮಪ್ಪಂಗೆ ಎಲ್ಲ ಅರ್ಥ ಆಯ್ತು. ನಂಗೂ ಆಯ್ತು. ‘ಸತ್ಲು ಅಂತ ಹೇಳ್ಬಿಡೋಣ, ಸುಲಭ’ ಅಂದ್ರು. ಹೇಳ್ಬಿಟ್ವಿ.”

“ಮತ್ತೆ ಯಾವತ್ತೂ ಬರ್ಲಿಲ್ವಾ?”

“ಕಾಗದ ಬರೀತಿದ್ಲು. ಒಡೀದೆ ವಾಪಸ್ ಕಳಿಸ್ತಿದ್ವಿ. ನಿನಗೆ ಹದಿನಾರು ತುಂಬಿದ ವರ್ಷ ಬೇರೆ ಕೈಬರಹದ್ದು ಬಂತು. ಅದನ್ನ ಒಡೆದೆ.”

ಔಷಧಿ ಚೀಟಿಗಳ ಕೆಳಗಿನಿಂದ ತಾಯಿ ಅದನ್ನು ತೆಗೆದುಕೊಟ್ಟರು. ‘ನಿಮ್ಮ ತಂಗಿ ಮೊನ್ನೆ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಎದೆಯಲ್ಲಿ ಗಂಟಿತ್ತು. ನಿಮಗೆ ತಿಳಿದಿರಲಿ ಎಂದಷ್ಟೇ ಬರೆದೆ.’ ಕೆಳಗೆ ಒಂದು ವಿಳಾಸ.

ಆ ರಾತ್ರಿ ಕಿವಿಯಮ್ಮ ಲೆಕ್ಕ ಹಾಕುತ್ತಿದ್ದಳು. ಏಳು ವರ್ಷ. ಒಂದು ಹಗಲಿನ ಬಸ್ಸಿನ ದೂರದಲ್ಲಿ ಚಿಕ್ಕಮ್ಮ ಏಳು ವರ್ಷ ಉಸಿರಾಡಿಕೊಂಡಿದ್ದಳು. ಒಂದೆಡೆ ತಾಯಿಯ ಮೇಲೆ ಸಿಟ್ಟಿತ್ತು. ಇನ್ನೊಂದೆಡೆ, ಹೆದರಿಕೆ ಇಳಿದು ಮೈ ಹಗುರಾಗಿತ್ತು. ದೆವ್ವವಲ್ಲ, ಭ್ರಮೆಯಲ್ಲ. ಬದುಕಿದ್ದವಳು ಹಾಡಿದ್ದಾಳೆ, ಅಷ್ಟೇ. ತಾಯಿಗೆ ಅದು ಹೇಗೆ ಕೇಳಿಸಿತು ಎನ್ನುವುದೊಂದನ್ನು ಅವಳು ಪಕ್ಕಕ್ಕಿಟ್ಟಳು.

ತನ್ನ ಫೋನ್ ನಂಬರನ್ನೂ ಸೇರಿಸಿ ಆ ಹಳೆಯ ವಿಳಾಸಕ್ಕೆ ಪತ್ರ ಬರೆದಳು. ಉತ್ತರ ಬರುತ್ತದೆಂದು ಅವಳೇನೂ ನಂಬಿರಲಿಲ್ಲ. ಹತ್ತೊಂಬತ್ತನೆಯ ದಿನ ಆಸ್ಪತ್ರೆಯಲ್ಲಿದ್ದಾಗ ಫೋನು ಬಂತು. ಗಂಡಸೋ ಹೆಂಗಸೋ ತಿಳಿಯದಷ್ಟು ತಗ್ಗಿದ ದನಿ.

“ಬಾಗಿಲು ತಳ್ಳಿ ಹಲ್ಲು ಮುರಿದೋಳು ನೀನೇನಾ?”

“ಹೌದು.”

“ಬಾ. ತಡ ಮಾಡ್ಬೇಡ, ನಂಗೆ ಎಪ್ಪತ್ತೆಂಟಾಯ್ತು.”

ಮಂದ್ರಳ ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ಬಿಸಿಲು. ಗೋಡೆಯುದ್ದಕ್ಕೂ ರೆಕಾರ್ಡುಗಳು. ಆಕೆ ಎತ್ತರದ ಹೆಂಗಸು. ಈಗ ಬೆನ್ನು ಬಾಗಿತ್ತು. ಬಂದವಳನ್ನು ಅಪ್ಪಿಕೊಳ್ಳಲಿಲ್ಲ, ಕುಡಿಯಲು ನೀರು ಕೊಟ್ಟು ಎದುರು ಕೂತು ಮುಖ ನೋಡಿದರು. “ಮೂಗು ಅವಳದೇ,” ಎಂದರು. ಆಮೇಲೆ ಸಲೀಸಾಗಿ ಮಾತಾಡಿದರು. ಚಿಕ್ಕಮ್ಮ ಹೇಗೆ ಬೆಳಿಗ್ಗೆ ಏಳದೆ ಹಟ ಮಾಡುತ್ತಿದ್ದಳು, ಹೇಗೆ ಪ್ರತಿ ರೆಕಾರ್ಡಿನದೂ ಎರಡು ಪ್ರತಿ ಕೊಂಡು ಒಂದನ್ನು ‘ಅಕ್ಕನ ಮಗಳಿಗೆ’ ಎಂದು ಬೇರೆ ಇಡುತ್ತಿದ್ದಳು. ಕೆಳಗಿನ ಸಾಲು ತೋರಿಸಿದರು. ಮುಳ್ಳು ತಾಕದ ಮೂವತ್ತು ತಟ್ಟೆಗಳು. ಕಿವಿಯಮ್ಮ ಅವುಗಳ ಬೆನ್ನಿನ ಮೇಲೆ ಕೈಯಾಡಿಸಿದಳು.

“ಮೇಲಿನ ಎರಡು ಸಾಲು?” ಎಂದು ಕೊನೆಗೆ ಕೇಳಿದಳು.

“ಅವು ಅವಳು ಹೋದ ಮೇಲಿನವು. ಅವಳಿಲ್ದೆ ನಾನು ಹಾಡಿದ್ದು. ಅವಳಿಲ್ದೆ ಅಂತ ಹೇಳೋಕಾಗಲ್ಲ. ನೀನು ಕಿವಿ ಕೆಲಸದೋಳು. ನೀನೇ ಕೇಳು.”

ಒಂದನ್ನು ಹಾಕಿದರು. ಚಿಕ್ಕಮ್ಮ ನಿಜವಾಗಿಯೂ ತೀರಿಕೊಂಡ ನಾಲ್ಕು ತಿಂಗಳಿಗೆ ಮುದ್ರಣವಾದದ್ದು. ಚಿಟಪಟ, ಆಮೇಲೆ ಪಿಟೀಲುಗಳು, ನಾಯಕಿ. ಕೋರಸ್ಸು ಎದ್ದಿತು. ಟಕ್ ಎಂದು ನಾಲಿಗೆ ಬಿಟ್ಟ ಸದ್ದು, ಉಸಿರು, ಸಿಳ್ಳೆ.

ಬಿಸಿಲಿನಲ್ಲಿ ಕೂತಿದ್ದರೂ ಕಿವಿಯಮ್ಮನ ತೋಳಿನ ರೋಮ ಎದ್ದು ನಿಂತಿತು. ಇಷ್ಟು ದಿನ ಕಟ್ಟಿಕೊಂಡಿದ್ದ ಸಮಾಧಾನ ಒಂದೇ ಏಟಿಗೆ ಕುಸಿಯಿತು.

“ಹಳೇ ಟೇಪಿಂದ ಸೇರಿಸಿರ್ಬೇಕು,” ಎಂದಳು, ತನಗೇ ಹೇಳಿಕೊಳ್ಳುವಂತೆ.

“ಹಾಡು ಹೊಸದು, ಮಾತು ಹೊಸದು. ಎಲ್ಲಿಂದ ಸೇರಿಸ್ತಾರೆ? ಅವತ್ತು ನಾವು ಮೂರೇ ಜನ ಮೈಕಿನ ಮುಂದೆ. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿರ್ಲಿಲ್ಲ. ಮೊದಲನೇ ಸಲ ಹಾಡಿ ಮುಗಿಸಿದ ಕೂಡ್ಲೇ ಒಳಗಿಂದ ಮುದ್ರಣದೋನು ಕೂಗಿದ. ‘ಆ ನಾಲ್ಕನೆಯವರು ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಸಿಳ್ಳೆ ಹೊಡೀತಿದೆ’ ಅಂತ. ಅವನು ಹೊಸಬ, ಅವನಿಗೇನೂ ಗೊತ್ತಿಲ್ಲ.”

“ನೀವೇನ್ಮಾಡಿದ್ರಿ?”

“ಏನ್ಮಾಡ್ಲಿ? ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.”

ಆಮೇಲೆ ಹನ್ನೊಂದು ವರ್ಷ ಮಂದ್ರ ಹಾಡಿದರು. ಗಂಟಲು ಒಡೆದ ಮೇಲೂ, ಕರೆಯದಿದ್ದರೂ ಹೋಗಿ ಕಾದು ಕೂತು ಹಾಡಿದರು. ಹಾಡುವಾಗ ಸ್ಟುಡಿಯೊದ ಕೋಣೆಯಲ್ಲಿ ಎಂದೂ ಏನೂ ಕೇಳಿಸುತ್ತಿರಲಿಲ್ಲವಂತೆ. ತಟ್ಟೆ ಬಂದು, ಮನೆಯಲ್ಲಿ ಮುಳ್ಳಿಟ್ಟಾಗಲೇ. “ನಾನು ಹಾಡಿದ್ದು ಎಲ್ಲೆಲ್ಲಿ ಅಚ್ಚಾಯ್ತೋ ಅಲ್ಲೆಲ್ಲ ಅವಳಿದಾಳೆ. ಯಾರಿಗೂ ಹೇಳ್ಲಿಲ್ಲ. ನನ್ನ ಕಿವಿನ ನಾನು ನಂಬಲ್ಲ. ಬೇಕು ಅನ್ನೋದೇ ಕೇಳಿಸುತ್ತೆ ಅದಕ್ಕೆ. ನಿಂಗೆ ಕೇಳಿಸ್ತಾ? ನಿಜ ಹೇಳು.”

“ಕೇಳಿಸ್ತು,” ಎಂದಳು ಕಿವಿಯಮ್ಮ.

ಮಂದ್ರ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಸುಮ್ಮನೆ ಹರಿಯುವ ಸದ್ದು ತುಂಬ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಮುಖ ತೊಳೆದಿದ್ದರು.

ಕಿವಿಯಮ್ಮನಿಗೆ ಆಗ ಹೊಳೆಯಿತು. ಫೋನನ್ನು ಮೇಜಿನ ಮೇಲಿಟ್ಟು, “ಇದರಲ್ಲೂ ಅಚ್ಚಾಗುತ್ತೆ. ಒಂದು ಸಾಲು ಹಾಡಿ,” ಎಂದಳು. ಮಂದ್ರ ಕೊಂಚ ನಾಚಿದರು, ಗಂಟಲು ಸರಿಮಾಡಿಕೊಂಡರು, ಆ “ಸುಳ್ಳು, ಸುಳ್ಳು” ಹಾಡನ್ನೇ ಹಾಡಿದರು. ಕೋಣೆಯಲ್ಲಿದ್ದದ್ದು ಒಡಕು ದನಿ ಒಂದೇ. ಕಿವಿಯಮ್ಮ ಮೈಯೆಲ್ಲ ಕಿವಿಯಾಗಿ ಕೂತಿದ್ದಳು, ಬೇರೇನೂ ಇರಲಿಲ್ಲ. ಆಮೇಲೆ ಗುಂಡಿ ಒತ್ತಿ ಕೇಳಿಸಿದಳು.

ಇಬ್ಬರಿದ್ದರು. ಒಬ್ಬಳು ಎಪ್ಪತ್ತೆಂಟರ ಮುದುಕಿ, ಇನ್ನೊಬ್ಬಳು ಇಪ್ಪತ್ತಾರೋ ಇಪ್ಪತ್ತೇಳೋ. ಮುದುಕಿ ಸಾಲಿನ ನಡುವೆ ಕೆಮ್ಮಿದಾಗ ಇನ್ನೊಬ್ಬಳು ನಿಂತು ಕಾದಳು, ಮತ್ತೆ ಒಟ್ಟಿಗೇ ಹಿಡಿದುಕೊಂಡಳು.

ಮಂದ್ರ ಫೋನನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. “ಮೂವತ್ತು ವರ್ಷ ಆಗಿತ್ತು ಕಣೆ,” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಕಿವಿಯಮ್ಮ ಪ್ರತಿ ಶನಿವಾರ ಆ ಊರಿಗೆ ಹೋದಳು. ಮಂದ್ರ ಹಾಡುತ್ತಿದ್ದರು, ಇಬ್ಬರೂ ಕೂತು ಕೇಳುತ್ತಿದ್ದರು. ಅವಳಿಗೆ ಭಯ ಹೋಗಲಿಲ್ಲ. ಒಂದು ಹಾಡನ್ನು ಮನೆಗೆ ತಂದು ತಾಯಿಯ ಕಿವಿಗೆ ಹಿಡಿದಳು. ತಾಯಿ ಕೊನೆಯವರೆಗೂ ಕೇಳಿ, “ಆ ಹಲ್ಲು ಸರಿ ಮಾಡಿಸ್ಕೋ ಅಂತ ಎಷ್ಟು ಬಡ್ಕೊಂಡಿದ್ದೆ,” ಎಂದಷ್ಟೇ ಹೇಳಿ ಫೋನು ಹಿಂದಿರುಗಿಸಿದರು.

ಐದನೆಯ ತಿಂಗಳು ಮಂದ್ರ ನಿದ್ದೆಯಲ್ಲೇ ಹೋದರು. ಮಹಡಿಯ ಕೆಳಗಿನ ಮನೆಯ ಹೆಂಗಸು ಫೋನು ಮಾಡಿ ತಿಳಿಸಿದಳು. ರೆಕಾರ್ಡುಗಳನ್ನೆಲ್ಲ ‘ಅಕ್ಕನ ಮಗಳಿಗೆ’ ಎಂದು ಬರೆದಿಟ್ಟಿದ್ದರು. ಒಂದು ಗಾಡಿ ತುಂಬ ಅವನ್ನು ತಂದು, ಕೋಣೆಯಲ್ಲಿ ಜೋಡಿಸಲು ಕಿವಿಯಮ್ಮನಿಗೆ ಮೂರು ದಿನ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ, ಕೊನೆಯ ತಟ್ಟೆ ಇಟ್ಟ ಮೇಲೆ, ಅವಳು ಕಿಟಕಿ ಮುಚ್ಚಿದಳು. ಫೋನನ್ನು ಮುಂದಿಟ್ಟುಕೊಂಡು ಅದೇ ಹಾಡಿನ ಎರಡು ಸಾಲು ಹಾಡಿದಳು. ಪಕ್ಕದಲ್ಲಿ ಇಬ್ಬರಿಗೆ ಸಾಕಾಗುವಷ್ಟು ಜಾಗ ಬಿಟ್ಟೇ ನಿಂತಿದ್ದಳು. ಆಮೇಲೆ ಹಾಕಿ ಕೇಳಿದಳು.

ಒಂದೇ ದನಿಯಿತ್ತು. ಶ್ರುತಿಯಿಲ್ಲದ, ಒಣಗಿದ, ಅವಳದೇ ದನಿ. ಮತ್ತೆ ಕೇಳಿದಳು, ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಎರಡು ಪದಗಳ ನಡುವಿನ ಮೌನವನ್ನೂ ಬಿಡದೆ ಕೇಳಿದಳು. ಏನೂ ಇರಲಿಲ್ಲ. ನಾಲ್ಕು ತಿಂಗಳು ಹೆದರಿದ್ದವಳಿಗೆ, ಯಾರೂ ಇಲ್ಲದ ಆ ಅರ್ಧ ನಿಮಿಷದಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ಚಿಕ್ಕಮ್ಮ ಇಷ್ಟು ವರ್ಷ ಬಂದದ್ದು ಒಬ್ಬಳಿಗಾಗಿ. ಆ ಒಬ್ಬಳನ್ನು ಕರೆದುಕೊಂಡು ಹೋಗಿದ್ದಳು.

ಬಾಗಿಲು ಕಿರ್ರೆಂದಿತು. ತಾಯಿ ಚೌಕಟ್ಟು ಹಿಡಿದು ನಿಂತಿದ್ದರು.

“ಬಂದಿದ್ಲಾ?”

ಕಿವಿಯಮ್ಮ ಇಲ್ಲವೆಂದು ತಲೆಯಲ್ಲಾಡಿಸಿದಳು.

“ನಮ್ಮನೆಗೆ ಯಾಕೆ ಬರ್ತಾಳೆ?” ಎಂದರು ತಾಯಿ. ಗೋಡೆ ಹಿಡಿದುಕೊಂಡು ನಿಧಾನವಾಗಿ ತಮ್ಮ ಕೋಣೆಗೆ ಹೋದರು.